ಜಗಲಿಯ ಮೇಲಿನ ಕಕ್ಷಿದಾರ

ಹೆಂಡತಿಯ ಮೇಲೆ ಕೈ ಮಾಡಿದ ಆರೋಪ ಹೊತ್ತ ಗಂಡಸರೆಲ್ಲ ಚಾಮರಾಜನಗರದ ಅಷ್ಟೂ ವಕೀಲರನ್ನು ಬಿಟ್ಟು ನನ್ನ ಆಫೀಸಿನ ಮೆಟ್ಟಿಲನ್ನೇ ಏಕೆ ಹತ್ತುತ್ತಾರೆ ಎಂಬುದು ಮೊದಮೊದಲು ನನಗೂ ತಿಳಿಯುತ್ತಿರಲಿಲ್ಲ. ನನ್ನ ವಾದದ ಖ್ಯಾತಿ ಊರೂರಿಗೆ ಹಬ್ಬಿದೆ ಎಂದುಕೊಂಡು ಸ್ವಲ್ಪ ದಿನ ಬೀಗಿದ್ದೂ ಉಂಟು. ಕೊನೆಗೆ ಸಂತೆಮರಹಳ್ಳಿಯ ಒಬ್ಬ ಮಹಾಶಯ ಬಾಯಿಬಿಟ್ಟ. "ಲೇಡಿ ಲಾಯರ್ ನಮ್ ಪಕ್ದಲ್ಲಿ ನಿಂತ್ಕಂಡ್ರೆ ಜಡ್ಜು ಅನ್ಕತಾರೆ ಕಣಕ್ಕ, ಒಬ್ಳು ಹೆಂಗ್ಸೇ ನಂಬವ್ಳೆ ಅಂದ್ಮೇಲೆ ಇವ್ನು ಒಳ್ಳೇವ್ನೇ ಇರ್ಬೇಕು ಅಂತ. ಅದ್ಕೇ ಬಂದೆ." ನನ್ನ ಓದು, ನನ್ನ ಪಾಟೀಸವಾಲಿನ ಚಮತ್ಕಾರ, ಎಲ್ಲ ಒಂದೇ ಮಾತಿಗೆ ನೀರುಪಾಲು. ಅವರ ಲೆಕ್ಕದಲ್ಲಿ ನಾನು ಸೀರೆಯುಟ್ಟ ಒಂದು ಸಾಕ್ಷಿ, ಅಷ್ಟೆ.

ಈಗ ಕರಿ ಕೋಟನ್ನು ಕಳಚಿ ಗೂಟಕ್ಕೆ ಹಾಕಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಬಂದು ಯಾವ ಕಲಮು ಓದಬೇಕು, ಯಾವ ತೀರ್ಪು ನೋಡಬೇಕು ಎಂದು ಕೇಳುತ್ತಾರೆ. ಅದೆಲ್ಲ ನಿಮ್ಮ ಫೋನಿನಲ್ಲೇ ಇದೆ ಕಣ್ರಪ್ಪ. ಫೋನಿನಲ್ಲಿ ಇಲ್ಲದ್ದನ್ನು ಹೇಳುತ್ತೇನೆ, ಬೇಕಾದರೆ ಕೇಳಿ.

ಮೊದಲನೆಯದು, ಈ ಕೆಲಸ ಮಾಡುವವರನ್ನು ಮನೆಯವರೇ ಮೊದಲು ವಿಚಾರಣೆ ಮಾಡುತ್ತಾರೆ. ನಮ್ಮಮ್ಮ ಬದುಕಿದ್ದಷ್ಟು ದಿನವೂ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಹೆಂಡ್ತಿಗೆ ಹೊಡೆದೋನ ಪಕ್ಕ ಹೋಗಿ ನಿಂತ್ಕೋತೀಯಲ್ಲ, ನಿನಗೆ ಬೇರೆ ಜಾಗ ಸಿಗ್ಲಿಲ್ವಾ?" ಆರೋಪ ಬಂದವರೆಲ್ಲ ತಪ್ಪಿತಸ್ಥರಲ್ಲಮ್ಮ, ತಪ್ಪು ಮಾಡಿದವನಿಗೂ ಮಾಡಿದಷ್ಟಕ್ಕೇ ಶಿಕ್ಷೆಯಾಗಬೇಕಮ್ಮ ಎಂದೆಲ್ಲ ಹೇಳುತ್ತಿದ್ದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ, ಅವನ ಪಕ್ಕ ಯಾಕೆ ನಿಂತ್ಕೋಬೇಕು?" ಎಂದು ಮತ್ತೆ ಅಲ್ಲಿಗೇ ಬರುತ್ತಿದ್ದರು. ಅವರ ಪಾಟೀಸವಾಲನ್ನು ಎದುರಿಸಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಎರಡನೆಯದು, ನಗು. ನನಗೆ ನಗುವಿನ ಕಾಯಿಲೆ. ಹೊಡೆತ ಬಡಿತದ ಕೇಸಿನಲ್ಲಿ ನಗುವಂಥದ್ದೇನಿದೆ ಎಂದು ನೀವು ಕೇಳಬಹುದು. ಹೊಡೆತದಲ್ಲಿ ನಗುವಂಥದ್ದು ಏನೂ ಇಲ್ಲ. ಹೊಡೆದವನು ಅದನ್ನು ಮುಚ್ಚಿಡಲು ಒಂದು ಕಥೆ ಕಟ್ಟುತ್ತಾನಲ್ಲ, ಅದನ್ನು ಕೇಳಿಯೂ ನಗದೆ ನಿಲ್ಲುವುದು ನನ್ನ ಕೈಲಿ ಆಗುತ್ತಿರಲಿಲ್ಲ.

ನಾನು ಸ್ವತಂತ್ರವಾಗಿ ನಡೆಸಿದ ಮೊದಲ ಕೇಸುಗಳಲ್ಲೇ ಒಂದು. ಉಣ್ಣುವ ತಟ್ಟೆಯನ್ನು ಹೆಂಡತಿಯ ಮೇಲೆ ಎಸೆದ ಎಂದು ಆರೋಪ. ನನ್ನ ಕಕ್ಷಿದಾರ ಕಟಕಟೆಯಲ್ಲಿ ನಿಂತು, "ನಾನ್ ಎಸ್ದಿಲ್ಲ ಸ್ವಾಮಿ, ತಟ್ಟೆ ಕೈಯಿಂದ ಜಾರೋಯ್ತು" ಎಂದ. ಜಡ್ಜು ತಾಳ್ಮೆಯಿಂದ ಕೇಳಿದರು, "ಜಾರಿ ಎಲ್ಲಿಗೆ ಹೋಯ್ತು?" ಅವನು ಅಷ್ಟೇ ವಿನಯದಿಂದ, "ಪಕ್ಕದ್ ಮನೆ ಹೆಂಚಿನ್ ಮ್ಯಾಕೆ ಸ್ವಾಮಿ" ಎಂದ. ಮೊದಲು ನಕ್ಕದ್ದು ನಾನು, ಅವನ ವಕೀಲೆ. ನಾನು ನಕ್ಕಮೇಲೆ ಇನ್ನೇನು ಉಳಿಯಿತು, ಕೇಸು ಅಲ್ಲಿಗೇ ಮುಗಿಯಿತು.

ಅವತ್ತು ಸಂಜೆ ನನ್ನ ಸೀನಿಯರ್ ಹೇಳಿ ಕಳಿಸಿದರು. ಅವರು ಗಂಟುಮುಖದ ಮನುಷ್ಯ. ಅವರು ನಕ್ಕದ್ದನ್ನು ಕಂಡವರು ಜಿಲ್ಲೆಯಲ್ಲೇ ಇಲ್ಲವೆಂದು ಪ್ರತೀತಿ. ಹಿಡಿದು ಬಯ್ಯುತ್ತಾರೆ ಎಂದು ಹೆದರಿಕೊಂಡು ಹೋದೆ. ಅವರು ಬಾಗಿಲು ಹಾಕಿ ಮೆಲ್ಲಗೆ ಹೇಳಿದರು, "ನೋಡಮ್ಮ, ಕೋರ್ಟಿನಲ್ಲಿ ನಗು ಬಂದರೆ ತಡೆಯೋಕೆ ಹೋಗಬೇಡ. ಫೈಲನ್ನು ನೆಲಕ್ಕೆ ಬೀಳಿಸು. ಎತ್ತಿಕೊಳ್ಳೋ ನೆಪದಲ್ಲಿ ಮೇಜಿನ ಕೆಳಗೆ ಬಗ್ಗು. ಅಲ್ಲೇ ನಕ್ಕು ಮುಗಿಸಿಕೊಂಡು ಮೇಲೆ ಬಾ. ಇಷ್ಟು ವರ್ಷ ನಾನು ಹಾಗೇ ಮಾಡಿಕೊಂಡು ಬಂದಿದ್ದೀನಿ." ಅವರ ಕೈಯಿಂದ ಆಗಾಗ ಫೈಲು ಬೀಳುತ್ತಿದ್ದದ್ದು ನರದೌರ್ಬಲ್ಯ ಎಂದು ನಾವೆಲ್ಲ ಮರುಗುತ್ತಿದ್ದೆವು. ಈ ವಿದ್ಯೆ ನನಗೆ ಕಾನೂನಿನ ಪದವಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಮೂರನೆಯದು, ಕಕ್ಷಿದಾರನನ್ನು ಅಳೆಯುವ ರೀತಿ. ಹೊಡೆದೆಯಾ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಅದಕ್ಕೆ ನಾನು ಮೊದಲು ಕೇಳುತ್ತಿದ್ದದ್ದು ಬೇರೆ. "ನಿನ್ನ ಹೆಂಡತಿ ಮಾಡೋ ಅಡುಗೆಯಲ್ಲಿ ಯಾವುದು ಚೆನ್ನಾಗಿರುತ್ತೆ?" ಒಂದೂ ಇಲ್ಲ ಎಂದರೆ ಆ ಸಂಸಾರ ಮುಗಿದಿದೆ, ಜೀವನಾಂಶದ ಮಾತಾಡಿ ಬೇರೆ ಮಾಡುವುದೇ ಒಳ್ಳೆಯದು. ಥಟ್ಟನೆ ಒಂದು ಹೆಸರು ಹೇಳಿಬಿಟ್ಟರೆ ಎಲ್ಲೋ ಇನ್ನೂ ಒಂದು ಎಳೆ ಉಳಿದಿದೆ ಎಂದು ಅರ್ಥ. ಈಗಿನವರು ಬರುವಾಗಲೇ ಫೋನು ಚಾಚಿ, ವಿಡಿಯೋ ನೋಡಿ, ಮೆಸೇಜು ನೋಡಿ ಎನ್ನುತ್ತಾರೆ. ನೋಡಿ, ಬೇಡ ಅನ್ನುವುದಿಲ್ಲ. ಅಡುಗೆಯ ಪ್ರಶ್ನೆಯನ್ನೂ ಕೇಳಿ.

ನಾನು ಶುರು ಮಾಡಿದ ಕಾಲದಲ್ಲಿ ಇಂಥ ಕೇಸೆಲ್ಲ ಪೊಲೀಸ್ ಠಾಣೆಯಿಂದಲೇ ಬರುತ್ತಿದ್ದವು. ಗಂಡನ ಜೊತೆ ಅತ್ತೆ, ಮಾವ, ನಾದಿನಿ, ಅವಳ ಗಂಡ, ಒಂದು ಮನೆತನವೇ ಜಾಮೀನಿಗೆ ಸಾಲಾಗಿ ನಿಲ್ಲುತ್ತಿತ್ತು. ಒಂದು ದೂರಿನಲ್ಲಂತೂ ಮದುವೆ ಕಾಗದದಲ್ಲಿ ಅಚ್ಚಾಗಿದ್ದ ನೆಂಟರನ್ನೆಲ್ಲ ಹಾಗೇ ಇಳಿಸಿ, ಮದುವೆಗೆ ಮೊದಲೇ ತೀರಿಕೊಂಡಿದ್ದ ತಾತನ ಮೇಲೂ ಕಿರುಕುಳದ ಆರೋಪ ಹೊರಿಸಿದ್ದರು. ಆಮೇಲೆ ಗೃಹ ಹಿಂಸೆ ತಡೆಯುವ ಕಾಯ್ದೆ ಬಂತು. ಅದರಲ್ಲಿ ಜೈಲಿನ ಮಾತು ಆಮೇಲೆ. ಹೆಣ್ಣಿಗೊಂದು ಸೂರು, ರಕ್ಷಣೆ, ಜೀವನಾಂಶ ಇವು ಮೊದಲು. ನಮ್ಮ ಕೆಲಸದ ದಾರಿಯೇ ಬದಲಾಯಿತು. ಆ ಕಾಯ್ದೆಯ ಕೆಳಗೆ ನಾನು ನಡೆಸಿದ ಕೇಸುಗಳಲ್ಲಿ ಒಂದನ್ನು ಪೂರ್ತಿ ಹೇಳುತ್ತೇನೆ. ಅದರಲ್ಲಿ ನನ್ನ ವಿದ್ಯೆಯೆಲ್ಲ ಖರ್ಚಾಗಿದೆ.

ಭೀಮನಬೀಡಿನ ಮಾದೇಶ ಎಂಬುವವನು ಒಂದು ದಿನ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಗುಂಡ್ಲುಪೇಟೆಯಿಂದ ಕೇರಳದ ಬತ್ತೇರಿಗೆ ತರಕಾರಿ ಸಾಗಿಸುವ ಗಾಡಿಯ ಡ್ರೈವರ್ ಅವನು. ತಾಯಿ ದೊಡ್ಡತಾಯಮ್ಮ, ಎಲೆಅಡಿಕೆ ಚೀಲ ಹಿಡಿದು ಕುರ್ಚಿಯ ತುದಿಯಲ್ಲಿ ಕೂತಿತು.

"ಅಕ್ಕ, ನನ್ ಎಂಡ್ರು ಕೇಸ್ ಹಾಕವ್ಳೆ. ನಮ್ಮವ್ವನ್ ಮ್ಯಾಲೂ ಹಾಕವ್ಳೆ" ಎಂದ ಮಾದೇಶ.

ನಾನು ತಾಯಿಯ ಕಡೆ ತಿರುಗಿ, "ಸೊಸೆ ಹೇಗವ್ವ?" ಎಂದೆ.

"ಯಾವ್ ಸೊಸೆ?"

"ಕೇಸ್ ಹಾಕಿರೋ ಸೊಸೆ."

"ಅವ್ಳಾ? ಅವ್ಳು ನನ್ ಮೊಮ್ಮಗ್ಳು ಕಣವ್ವ. ಸವಿತ. ನಾನೇ ಸಾಕಿದ್ದು."

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ಇದ್ದದ್ದೇ. ದೊಡ್ಡತಾಯಮ್ಮನ ಮಗಳು ರತ್ನಮ್ಮನನ್ನು ಸಂತೆಮರಹಳ್ಳಿಗೆ ಕೊಟ್ಟಿದ್ದರು. ರತ್ನಮ್ಮನ ಮಗಳು ಸವಿತ ಚಿಕ್ಕಂದಿನಿಂದ ಅಜ್ಜಿಯ ಮನೆಯಲ್ಲೇ ಬೆಳೆದು, ಅಲ್ಲಿಂದಲೇ ಸ್ಕೂಲಿಗೆ ಹೋಗಿ, ಕೊನೆಗೆ ಅದೇ ಮನೆಯ ಮಗ, ತನ್ನ ಸೋದರಮಾವ ಮಾದೇಶನನ್ನು ಮದುವೆಯಾಗಿ ಅಲ್ಲೇ ಉಳಿದಳು. ಸಾಕಿದ ಅಜ್ಜಿಯೇ ಅವಳಿಗೆ ಅತ್ತೆ, ಹೆತ್ತ ತಾಯಿಯೇ ನಾದಿನಿ. ಇಂಥ ಮನೆಯಲ್ಲಿ ಜಗಳ ಬಂದರೆ ಗೆರೆ ಎಲ್ಲಿ ಎಳೆಯುತ್ತೀರಿ?

ಸವಿತಳ ಅರ್ಜಿಯಲ್ಲಿದ್ದ ದೂರು ಇದು. ಮಾದೇಶ ಬತ್ತೇರಿಯಿಂದ ಕುಡಿದು ಬರುತ್ತಾನೆ, ಹೊಡೆಯುತ್ತಾನೆ. ಒಂದು ಸಂಜೆ ಹೊಡೆದು, ಅವಳನ್ನೂ ಚಿಕ್ಕ ಮಗಳನ್ನೂ ಆಚೆಗೆ ನೂಕಿ ಅಗುಳಿ ಹಾಕಿಕೊಂಡ. ಈಗ ತಾಯಿಯ ಮನೆಯಲ್ಲಿದ್ದಾಳೆ. ಅಲ್ಲಿ ಒಂದೇ ಸೂರಿನ ಕೆಳಗೆ ಅಣ್ಣತಮ್ಮಂದಿರ ಸಂಸಾರ, ಇವರಿಬ್ಬರನ್ನು ಹೆಚ್ಚು ದಿನ ಇಟ್ಟುಕೊಳ್ಳುವ ಹಾಗಿಲ್ಲ. ಅವಳು ಕೇಳಿದ್ದು ಇಷ್ಟೆ: ನಾನು ಬೆಳೆದ ಮನೆಗೆ ನನ್ನನ್ನು ಮತ್ತೆ ಸೇರಿಸಿ. ಅದಿಲ್ಲದಿದ್ದರೆ ಮಗು ಕಟ್ಟಿಕೊಂಡು ಹೋಗಲು ಅವಳಿಗೆ ಬೇರೆ ಜಾಗವಿರಲಿಲ್ಲ.

ನನ್ನ ಅಡುಗೆಯ ಪ್ರಶ್ನೆ ಕೇಳಿದೆ. ಮಾದೇಶ ಯೋಚನೆಯೇ ಮಾಡದೆ, "ಮೆಂತ್ಯ ಸೊಪ್ಪಿನ ಬಸ್ಸಾರು" ಎಂದುಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡು, "ಅವ್ವ ಕಲ್ಸಿದ್ದು" ಎಂದು ಸೇರಿಸಿದ.

"ಕೈ ಮಾಡಿದ್ಯಾ?"

"ಇಲ್ಲ ಅಕ್ಕ. ವಸಿ ಜೋರಾಗ್ ಮಾತಾಡಿವ್ನಿ ಅಷ್ಟೆಯಾ."

ದೊಡ್ಡತಾಯಮ್ಮ ಮಾಡಿನ ಕಡೆ ನೋಡಿ, "ಈ ಫ್ಯಾನು ಬಾಳ ಸದ್ದು ಮಾಡ್ತದೆ ಕಣವ್ವ" ಎಂದಿತು. ಫ್ಯಾನು ಸದ್ದು ಮಾಡುತ್ತಿರಲಿಲ್ಲ. ಹೊಸಬರೇ, ಒಂದೇ ಮನೆಯ ಇಬ್ಬರಿಗೆ ನೀವೊಬ್ಬರೇ ವಕಾಲತ್ತು ಹಾಕುವ ಮೊದಲು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿ. ನಾನು ಆ ಹೊತ್ತಿನಲ್ಲಿ ಮುಂದಿನ ಪ್ರಶ್ನೆಗೆ ಓಡಿದ್ದೆ.

"ಮನೆ ಯಾರ ಹೆಸರಲ್ಲಿದೆ?"

"ಅವ್ವನ್ ಎಸ್ರಲ್ಲಿ. ಅವ್ವನ್ ಅಪ್ಪ ಅವ್ವಂಗೇ ಬರ್ಕೊಟ್ಟಿದ್ದು" ಎಂದ ಮಾದೇಶ.

ನನಗೆ ಕುಣಿಯುವ ಹಾಗಾಯಿತು. ಅತ್ತೆಯ ಸ್ವಂತ ಮನೆಯಲ್ಲಿ ಇರಲು ಸೊಸೆಗೆ ಹಕ್ಕಿಲ್ಲ ಎಂಬ ವಾದ ಆ ಕಾಲದಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಈಗ ಮೇಲಿನ ಕೋರ್ಟು ಅದನ್ನು ತಿದ್ದಿದೆ. ಆ ಹಳೇ ಅಸ್ತ್ರ ಹಿಡಿದುಕೊಂಡು ಹೋಗಿ ನಗೆಪಾಟಲಾಗಬೇಡಿ. ಆಗ ಅದು ಬ್ರಹ್ಮಾಸ್ತ್ರ. ಮನೆ ಗಂಡನದ್ದಲ್ಲ, ಅತ್ತೆಯದ್ದು ಎಂದು ತೋರಿಸಿಬಿಟ್ಟರೆ ಸಾಕು, ಮಾದೇಶ ಗೆದ್ದ ಹಾಗೆ.

ದೊಡ್ಡತಾಯಮ್ಮನಿಗೆ ಪಾಠ ಶುರು ಮಾಡಿದೆ. "ಅವ್ವ, ಕೋರ್ಟಲ್ಲಿ ಕೇಳಿದಾಗ ಮನೆ ನಂದು ಅಂತ ಗಟ್ಟಿಯಾಗಿ ಹೇಳ್ಬೇಕು. ತಡವರಿಸಬಾರದು."

"ನಂದೇ ತಾನೆ? ಇನ್ನೆಂಗ್ ಯೋಳಾದು?"

"ಅದನ್ನೇ ಹೇಳಿ."

"ಮನೆ ನಂದು ಅಂದ್ರೆ ಅಲ್ಲಿ ನನ್ ಮಾತೇ ನಡೀತದಾ?"

"ನಿಮ್ಮ ಮಾತೇ ನಡೀಬೇಕು. ಅದೇ ನಮ್ಮ ವಾದ."

ಅಜ್ಜಿ ಎಲೆಗೆ ಸುಣ್ಣ ಸವರುತ್ತ ತಲೆಯಾಡಿಸಿತು. ಇಷ್ಟು ಚುರುಕಾದ ಕಕ್ಷಿದಾರಳು ನನಗೆ ಸಿಕ್ಕಿಯೇ ಇರಲಿಲ್ಲ ಎಂದು ನಾನು ಹಿಗ್ಗಿದೆ.

ಕೇಸು ಗುಂಡ್ಲುಪೇಟೆಯಲ್ಲಿ. ವಾಯಿದೆಯ ದಿನ ನಾನು ಚಾಮರಾಜನಗರದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದರೆ ಸಂತೆಮರಹಳ್ಳಿಯಿಂದ ಬಂದಿದ್ದ ಸವಿತ, ರತ್ನಮ್ಮ, ಮಗು ಮೂವರೂ ಅದರಲ್ಲೇ ಇರುತ್ತಿದ್ದರು. ರತ್ನಮ್ಮ ಪಕ್ಕದ ಸೀಟಿಗೆ ಟವೆಲ್ ಹಾಕಿ ಹಿಡಿದಿಟ್ಟು ಕರೆಯುವುದು. "ಮೇಡಂ, ಇಲ್ ಬನ್ನಿ, ನಿಮ್ಗೇ ಸೀಟ್ ಮಡಗಿವ್ನಿ."

"ರತ್ನಮ್ಮ, ನಾನು ನಿಮ್ಮ ಎದುರು ಪಾರ್ಟಿ ವಕೀಲೆ. ಹಾಗೆಲ್ಲ ಕೂರಬಾರದು."

"ಅದು ಕೋರ್ಟ್‌ನಲ್ಲಿ ಕಣ್ ಬುಡಿ. ಬಸ್ನಲ್ಲಿ ಯಾಕ್ ನಿಂತ್ಕಂಡು ಕಾಲ್ ನೋಯಿಸ್ಕತೀರಾ?"

ವೃತ್ತಿಯ ಘನತೆಯೆಂದುಕೊಂಡು ನಿಂತೇ ಇದ್ದೆ. ತೆರಕಣಾಂಬಿ ಬರುವಷ್ಟರಲ್ಲಿ ಕೂತಿದ್ದೆ. ಗುಂಡ್ಲುಪೇಟೆ ಬರುವಷ್ಟರಲ್ಲಿ ಅರ್ಜಿದಾರಳ ಮಗು ಎದುರುದಾರರ ವಕೀಲೆಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಸವಿತ ಕಿಟಕಿಯ ಆಚೆ ನೋಡುತ್ತ ಕೂತಿರುತ್ತಿದ್ದಳು, ನನ್ನ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ಅಷ್ಟೂ ಜನರಲ್ಲಿ ಅವಳಿಗೊಬ್ಬಳಿಗೇ ಕೇಸು ನಡೆಯುತ್ತಿದೆ ಎಂಬ ನೆನಪಿತ್ತು.

ಕೋರ್ಟಿನ ಮೊಗಸಾಲೆಯಲ್ಲಿ ಇನ್ನೂ ಚೆಂದ. ದೊಡ್ಡತಾಯಮ್ಮ ಊಟದ ಕ್ಯಾರಿಯರ್ ಹಿಡಿದು ಮೊದಲೇ ಬಂದು ಕಾಯುತ್ತಿತ್ತು. ಮೊಮ್ಮಗಳನ್ನು ಕಂಡ ತಕ್ಷಣ, "ಯಾಕಮ್ಮಿ ಇಷ್ಟ್ ಸೊರಗೋಗಿದ್ದೀಯ, ಉಂಡಿಲ್ವಾ?" ಎಂದು ಗದರಿ, ಎದುರಿಗೆ ಕೂರಿಸಿಕೊಂಡು ಉಣ್ಣಿಸಿ, ಆಮೇಲೆ ತಿರುಗಿಸಿ ಕೂರಿಸಿ ತಲೆ ಬಾಚುತ್ತಿತ್ತು. ಮಾದೇಶ ದೂರದಲ್ಲಿ ಕಂಬಕ್ಕೆ ಒರಗಿ ಕ್ಯಾರಿಯರ್ ಕಡೆ ಆಸೆಯಿಂದ ನೋಡುತ್ತಿದ್ದ. ಅವನಿಗೆ ಅದರಲ್ಲಿ ಪಾಲಿರಲಿಲ್ಲ. ಅಟೆಂಡರ್ ಬಂದು, "ಅರ್ಜಿದಾರರು ಈ ಕಡೆ, ಎದುರುದಾರರು ಆ ಕಡೆ" ಎಂದು ಕೂಗಿದರೆ, ಎರಡನೇ ಎದುರುದಾರಳಾದ ಅಜ್ಜಿ ಬಾಚಣಿಗೆ ಎತ್ತಿ, "ತಡಿಯಪ್ಪ, ಜಡೆ ಹಾಕ್ಬುಟ್ಟು ಬತ್ತೀನಿ" ಎನ್ನುತ್ತಿತ್ತು.

ಸವಿತಳ ವಕೀಲರು ಗೋವಿಂದರಾಜು, ನನಗಿಂತ ಹಿರಿಯರು, ನನ್ನ ಸೀನಿಯರ್ ಹತ್ತಿರವೇ ಪಳಗಿದವರು. ಒಳ್ಳೆಯ ಮನುಷ್ಯ. ಅವರ ದೌರ್ಬಲ್ಯ ಒಂದೇ, ಎಲ್ಲ ಅರ್ಜಿಗೂ ಒಂದೇ ಅಚ್ಚು. ಯಾವ ಹೆಣ್ಣುಮಗಳು ಬಂದರೂ ವರದಕ್ಷಿಣೆ, ಚಿನ್ನ, ಬೈಕು ಇಷ್ಟನ್ನು ಅತ್ತೆ ಪೀಡಿಸಿ ವಸೂಲು ಮಾಡಿದಳು ಎಂದು ಬರೆದೇ ಬರೆಯುವರು. ಇಲ್ಲಿಯೂ ಬರೆದಿದ್ದರು. ನಾನು ರತ್ನಮ್ಮನನ್ನು ಪಾಟೀಸವಾಲಿಗೆ ತೆಗೆದುಕೊಂಡೆ.

"ರತ್ನಮ್ಮ, ವರದಕ್ಷಿಣೆ ಪೀಡಿಸಿ ತಗೊಂಡರು ಅಂತಿದೆಯಲ್ಲ, ಯಾರು ತಗೊಂಡದ್ದು?"

"ಅತ್ತೆ ಅಂತ ಬರ್ದವ್ರೆ."

"ಸವಿತಳ ಅತ್ತೆ ಯಾರು?"

"ನಮ್ಮವ್ವ."

"ಅಂದರೆ ನಿಮ್ಮವ್ವ ನಿಮ್ಮನ್ನ ಪೀಡಿಸಿ ವರದಕ್ಷಿಣೆ ತಗೊಂಡರು."

"ಅಯ್ಯೋ, ನಮ್ಮವ್ವ ಯಾಕ್ ತಕತದೆ? ಮದ್ವೇಲಿ ಅದೇ ನಂಗೊಂದು ಜೊತೆ ವಾಲೆ ಮಾಡ್ಸಿ ಕೊಡ್ತು." ರತ್ನಮ್ಮ ಕಿವಿ ತಿರುಗಿಸಿ ಜಡ್ಜಿಗೆ ವಾಲೆ ತೋರಿಸಿತು.

ಜಡ್ಜು ಕರಾವಳಿಯ ಕಡೆಯ ಯುವಕ. ಅವರ ಕಡೆ ಸೋದರಮಾವನನ್ನು ಮದುವೆಯಾಗುವ ಪದ್ಧತಿಯೇ ಇಲ್ಲವಂತೆ. ಪೆನ್ನು ಕೆಳಗಿಟ್ಟು, "ಒಂದು ನಿಮಿಷ. ಎರಡನೇ ಎದುರುದಾರರು ಈ ಸಾಕ್ಷಿಗೆ ಏನಾಗಬೇಕು?" ಎಂದರು. ಕೋರ್ಟಿನಲ್ಲಿ ಇದ್ದವರೆಲ್ಲ ಒಟ್ಟಿಗೆ ವಿವರಿಸಲು ಹೊರಟರು. ನಾನು ಫೈಲು ಬೀಳಿಸಿ, ಕೆಳಗೆ ಬಗ್ಗಿ, ಕೆಲಸ ಮುಗಿಸಿಕೊಂಡು ಮೇಲೆ ಬಂದೆ.

ವರದಕ್ಷಿಣೆಯ ಮಾತು ಅಲ್ಲಿಗೆ ಬಿದ್ದುಹೋಯಿತು. ನಾನು ಗೆದ್ದೆನೆಂದು ಹಾರಾಡಿದೆ. ಆದದ್ದೇ ಬೇರೆ. ಅಚ್ಚಿನ ಸುಳ್ಳನ್ನೆಲ್ಲ ನಾನೇ ನಿಂತು ಗೋರಿ ಆಚೆ ಹಾಕಿದ ಮೇಲೆ ಅರ್ಜಿಯಲ್ಲಿ ಉಳಿದದ್ದು ಸವಿತಳ ಸ್ವಂತ ಮಾತುಗಳು ಮಾತ್ರ. ಅವು ಮೊದಲಿಗಿಂತ ಚೆನ್ನಾಗಿ ಕಾಣತೊಡಗಿದವು. ಅವಳನ್ನು ಕಟಕಟೆಯಲ್ಲಿ ನಿಲ್ಲಿಸಿ, "ನಿಮ್ಮ ಗಂಡ ನಿಮಗೆ ಹೊಡೆದೇ ಇಲ್ಲ" ಎಂದು ಸೂಚಿಸಿದೆ. ಅವಳು ದನಿ ಏರಿಸಲಿಲ್ಲ. "ಸುಳ್ಳ್ ಯೋಳಿ ನಂಗೇನಾಗ್ಬೇಕು ಮೇಡಂ? ಬೇಕಾದ್ರೆ ಅಜ್ಜೀನ ಕೇಳಿ" ಎಂದಳು. ಅಜ್ಜಿ ನನ್ನ ಸಾಕ್ಷಿ, ನಾನೇ ತಯಾರು ಮಾಡಿದ ಸಾಕ್ಷಿ. ಕೇಳೋಣ, ಅದಕ್ಕೇನಂತೆ ಎಂದುಕೊಂಡು ಕೂತೆ.

ದೊಡ್ಡತಾಯಮ್ಮನ ಸರದಿ ಬಂತು. ಸೆರಗು ಸರಿಮಾಡಿಕೊಂಡು ಕಟಕಟೆ ಹತ್ತಿತು. "ಭೀಮನಬೀಡಿನ ಮನೆ ಯಾರದ್ದು?" ಎಂದು ಕೇಳಿದೆ.

"ನಂದು."

ಆ ದನಿಗೆ ಆಚೆ ಮರದಡಿಯಲ್ಲಿ ಕೂತಿದ್ದವರೂ ತಿರುಗಿ ನೋಡಿದರು. ಪಾಠ ಚೆನ್ನಾಗಿ ಹತ್ತಿದೆ ಎಂದು ನಾನು ಹೆಮ್ಮೆಯಿಂದ ಕೂತೆ. ಗೋವಿಂದರಾಜು ಎದ್ದರು. ಅವರ ಮುಖ ಬಾಡಿತ್ತು. ಏನಾದರೊಂದು ಕೇಳಬೇಕಲ್ಲ ಎಂದು, "ಮನೆ ನಿಮ್ಮದು. ಅದಕ್ಕೇ ನಿಮ್ಮ ಮೊಮ್ಮಗಳನ್ನ ಒಳಗೆ ಸೇರಿಸಲ್ಲ ಅಂತೀರಿ, ಅಲ್ವೇನಮ್ಮ?" ಎಂದರು.

"ಯಾರ್ ಅಂದೋರು?"

"ನಿಮ್ಮ ಕಡೆಯವರೇ ಅಂತಿದಾರೆ."

ಅಜ್ಜಿ ನನ್ನ ಕಡೆ ತಿರುಗಿತು. "ನೀನೇ ಯೋಳಿದ್ದಲ್ವಾ ಕಣವ್ವ, ಮನೆ ನಂದು ಅಂದ್ರೆ ಅಲ್ಲಿ ನನ್ ಮಾತೇ ನಡೀಬೇಕು ಅಂತ?" ಆಮೇಲೆ ಜಡ್ಜಿನ ಕಡೆ ತಿರುಗಿತು. "ಸ್ವಾಮಿ, ಮನೆ ನಂದು. ಇವ ಕುಡ್ಕಂಡ್ ಬಂದು ಆ ಕೂಸ್ಗೆ ಹೊಡ್ದ. ಒಂದ್ ದಪ ಅಲ್ಲ. ನಾನ್ ಕಂಡಿವ್ನಿ, ಅಡ್ಡ ಓಗಿವ್ನಿ, ನನ್ನೂ ನೂಕ್ಬುಟ್ಟ. ಮಗ ಅಂತ ಇಷ್ಟ್ ದಿನ ಬಾಯ್ ಮುಚ್ಕಂಡಿದ್ದೆ. ಈಗ ಯೋಳ್ತಿವ್ನಿ. ಅವ್ಳು ಒಳಿಕೆ ಬರ್ಲಿ. ಇವ ಆಚ್ಗೆ ಓಗ್ಲಿ."

ಅಜ್ಜಿ ಇನ್ನೊಮ್ಮೆ ನನ್ನ ಕಡೆ ತಿರುಗಿ, "ಗಟ್ಯಾಗ್ ಯೋಳಿದ್ನಾ?" ಎಂದು ಕೇಳಿತು.

ನನ್ನ ಬ್ರಹ್ಮಾಸ್ತ್ರ ಊರೆಲ್ಲ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲೆಯೇ ಬಿದ್ದಿತ್ತು. ಫೈಲನ್ನು ಕೈಯಾರೆ ಕೆಳಕ್ಕೆ ತಳ್ಳಿ ಮೇಜಿನ ಅಡಿಗೆ ಬಗ್ಗಿದೆ. ಅಲ್ಲಿ ಆಗಲೇ ಗೋವಿಂದರಾಜು ಇದ್ದರು. ಅವರ ಫೈಲೂ ಬಿದ್ದಿತ್ತು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅಲುಗಾಡುತ್ತಿದ್ದರು, ಕಣ್ಣಲ್ಲಿ ನೀರು. ಒಬ್ಬರೇ ಗುರುಗಳ ಶಿಷ್ಯರು ನಾವು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದೇ ತಪ್ಪಾಯಿತು, ಮೇಲೆ ಬರಲು ಬಹಳ ಹೊತ್ತು ಹಿಡಿಯಿತು. ಎದ್ದು ನೋಡಿದರೆ ಜಡ್ಜಿನ ಕುರ್ಚಿ ಖಾಲಿ ಕಾಣಿಸಿತು. ಅವರ ಪೆನ್ನು ಬಿದ್ದಿತ್ತಂತೆ.

ಮಾದೇಶ ಮಾತ್ರ ನಗುತ್ತಿರಲಿಲ್ಲ. ಅವನ ಮುಖ ನೋಡಿದಾಗ ನನ್ನ ನಗುವೂ ಇಳಿಯಿತು. ಅಷ್ಟು ಜನರಲ್ಲಿ ಅವನ ಪಕ್ಕ ನಿಲ್ಲಬೇಕಾದವಳು ನಾನೊಬ್ಬಳೇ. ಸ್ವಲ್ಪ ಕಾಲಾವಕಾಶ ಕೇಳಿ ಅವನನ್ನು ಆಚೆ ಮರದ ಕೆಳಗೆ ಕರೆದೊಯ್ದೆ.

"ನಮ್ಮವ್ವಾನೇ ಇಂಗ್ ಮಾಡ್ಬುಡ್ತಲ್ಲ ಅಕ್ಕ" ಎಂದ.

"ಅವ್ವ ಹೇಳಿದ್ದು ನಿಜವೋ ಸುಳ್ಳೋ?"

ಚಪ್ಪಲಿಯಲ್ಲಿ ನೆಲ ಕೆರೆದ. "ನಿಜ ಕಣಕ್ಕ" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ನನಗೆ ಸುಳ್ಳು ಹೇಳಿದ್ದಕ್ಕೆ ಒಂದಿಷ್ಟು, ಆ ಹುಡುಗಿಗೆ ಹೊಡೆದದ್ದಕ್ಕೆ ಬೇಕಾದಷ್ಟು ಬೈದೆ. ಅವನು ಕೇಳಿಸಿಕೊಂಡ. ಬೈದು ಮುಗಿದ ಮೇಲೆ ಹೇಳಿದೆ, "ನೋಡು, ನಾನು ಇನ್ನೂ ನಿನ್ನ ವಕೀಲೆ. ನೀನು ಮಾಡದೆ ಇರೋದನ್ನ ನಿನ್ನ ತಲೆಗೆ ಕಟ್ಟೋಕೆ ಬಿಡಲ್ಲ, ಬಿಟ್ಟಿಲ್ಲ. ಮಾಡಿರೋದನ್ನ ಇಲ್ಲ ಅನ್ನೋಕೆ ಇನ್ನು ನಾನು ಎದ್ದು ನಿಲ್ಲಲ್ಲ. ಕೋರ್ಟು ಹೇಳೋಕೆ ಮೊದಲು ನೀನೇ ಹೇಳು, ಮನೆ ಬಿಡ್ತೀನಿ ಅಂತ. ಅದರಿಂದ ನಿನಗೆ ಉಳಿಯೋದು ಏನಾದರೂ ಇದ್ದರೆ ಉಳಿಯುತ್ತೆ."

ಅವನು ಕಣ್ಣೊರೆಸಿಕೊಂಡು, "ಮಗೀನ್ ನೋಡಕ್ ಬುಡ್ತಾರಾ?" ಎಂದ.

"ಕೇಳ್ತೀನಿ ಬಾ" ಎಂದೆ.

ಒಳಗೆ ಬಂದು ಎದ್ದು ನಿಂತೆ. ನನ್ನ ಕಕ್ಷಿದಾರ ಮನೆ ಬಿಡುತ್ತಾನೆ, ತಿಂಗಳು ತಿಂಗಳು ಜೀವನಾಂಶ ಕೊಡುತ್ತಾನೆ, ಮಗಳನ್ನು ನೋಡಲು ಅವಕಾಶ ಬೇಕು ಎಂದೆ. ಜಡ್ಜು ದೊಡ್ಡತಾಯಮ್ಮನನ್ನು ಕೇಳಿದರು, "ಮಗನನ್ನ ಆಚೆ ಹಾಕಿದರೆ ಊಟಕ್ಕೇನು ಮಾಡ್ತಾನಮ್ಮ?"

"ಊಟುಕ್ ಬರ್ಲಿ ಸ್ವಾಮಿ. ಜಗಲಿ ಅದಲ್ಲ."

ಆಗ ನಡೆದ ವಾದ ನನ್ನ ವೃತ್ತಿಯಲ್ಲೇ ಅತ್ಯಂತ ಗಂಭೀರವಾದದ್ದು. ಜಗಲಿ ಮನೆಯ ಒಳಗೋ ಹೊರಗೋ? ಅದಕ್ಕೂ ಮನೆಯದೇ ಸೂರಿದೆ, ಆದ್ದರಿಂದ ಒಳಗೆ ಎಂದು ಗೋವಿಂದರಾಜು. ಬಾಗಿಲಿಗೆ ಅಗುಳಿ ಹಾಕಿದರೆ ಜಗಲಿ ಬೀದಿಯ ಪಾಲು, ದಾರಿಹೋಕರೂ ಕೂರುತ್ತಾರೆ, ಆದ್ದರಿಂದ ಹೊರಗೆ ಎಂದು ನಾನು. ಜಡ್ಜು ಎಷ್ಟು ಅಗಲ, ಎಷ್ಟು ಎತ್ತರ, ಮೆಟ್ಟಿಲು ಯಾವ ಕಡೆ ಎಂದೆಲ್ಲ ಕೇಳಿದರು. ನಾವಿಬ್ಬರೂ ಜಗ್ಗಾಡುತ್ತಿರುವಾಗ ಸವಿತ ಎದ್ದು ನಿಂತಳು. ಅವಳು ತಾನಾಗಿ ಮಾತಾಡಿದ್ದು ಅದೇ ಮೊದಲು.

"ಜಗ್ಲಿ ಗಂಟ ಬರ್ಲಿ ಸರ್. ಮಗೀನ್ ಅಲ್ಲೇ ನೋಡ್ಲಿ. ಕುಡ್ದಿದ್ರೆ ಜಗ್ಲೀಗೂ ಬ್ಯಾಡ. ಒಳಿಕೆ ಯಾವತ್ ಬರ್ಬೇಕು ಅಂತ ನಾನ್ ಯೋಳ್ತೀನಿ."

ಜಡ್ಜು ಅದನ್ನು ಹಾಗೇ ಆದೇಶದಲ್ಲಿ ಬರೆಸಿದರು. ಅಂದು ಸಂಜೆ ಸವಿತ ಸಂತೆಮರಹಳ್ಳಿಯ ಬಸ್ಸು ಹತ್ತಲಿಲ್ಲ. ಅಜ್ಜಿಯ ಕೈ ಹಿಡಿದು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಭೀಮನಬೀಡಿನ ಕಡೆಯ ಆಟೋ ಹತ್ತಿದಳು. ನಾನು ವಾಪಸ್ಸು ಬರುವ ಬಸ್ಸಿನಲ್ಲಿ ರತ್ನಮ್ಮನ ಪಕ್ಕದಲ್ಲಿ ಯಾವ ಮುಜುಗರವೂ ಇಲ್ಲದೆ ಕೂತೆ. ಕೇಸು ಸೋತು ಅಷ್ಟು ಖುಷಿಯಿಂದ ನಾನು ಎಂದೂ ಮನೆಗೆ ಹೋಗಿಲ್ಲ. ರತ್ನಮ್ಮ ತೆರಕಣಾಂಬಿಯವರೆಗೂ ಅತ್ತಿತು, ಆಮೇಲೆ ಕಡಲೆಕಾಯಿ ಕೊಂಡು ನನಗೂ ಕೊಟ್ಟಿತು.

ಎಷ್ಟೋ ವರ್ಷ ಕಳೆದವು. ಕೋಟು ಕಳಚಿದ ಮೇಲೆ ಒಂದು ದಿನ ಗುಂಡ್ಲುಪೇಟೆಯಲ್ಲಿ ರತ್ನಮ್ಮ ಸಿಕ್ಕಿ, ಅವ್ವ ನಿಮ್ಮನ್ನ ನೆನೀತಾ ಇರ್ತದೆ, ಒಂದ್ಸಲ ಓಗ್ಬುಟ್ಟು ಬನ್ನಿ ಎಂದಿತು. ಹೋದೆ. ಸಂಜೆಯ ಹೊತ್ತು. ಮನೆ ಗುರುತಿಸುವುದು ಕಷ್ಟವಾಗಲಿಲ್ಲ, ಜಗಲಿಯ ಮೇಲೆ ನನ್ನ ಕಕ್ಷಿದಾರ ಕೂತು ಉಣ್ಣುತ್ತಿದ್ದ. ಕೂದಲು ನರೆತಿತ್ತು. ಬಿಸಿಲು ಬೀಳದ ಹಾಗೆ ಜಗಲಿಗೆ ತಾನೇ ಒಂದು ತಗಡಿನ ಮರೆ ಕಟ್ಟಿಕೊಂಡಿದ್ದ. ಪಕ್ಕದಲ್ಲಿ ಹೈಸ್ಕೂಲಿನ ಸಮವಸ್ತ್ರದ ಮಗಳು ಕೂತು ಅವನಿಗೆ ಏನೋ ಓದಿ ಹೇಳುತ್ತಿದ್ದಳು.

"ಇನ್ನೂ ಇಲ್ಲೇನಾ ಮಾದೇಶ?" ಎಂದೆ.

"ಇಲ್ಲೇ ಕಣಕ್ಕ. ತರ್ಕಾರಿ ಮಂಡಿ ಅತ್ರ ರೂಮ್ ಮಾಡಿವ್ನಿ, ಊಟುಕ್ ಬತ್ತೀನಿ. ಕುಡ್ಯಾದ್ ಬುಟ್ಬುಟ್ಟೆ."

"ಒಳಗೆ ಕರೆದಿಲ್ವಾ?"

"ಅವ್ಳು ಯೋಳ್ಬೇಕಲ್ಲ" ಎಂದ. ಆ ಮಾತಿನಲ್ಲಿ ದೂರಿರಲಿಲ್ಲ. ತಟ್ಟೆಯಲ್ಲಿ ಮುದ್ದೆ, ಮೆಂತ್ಯ ಸೊಪ್ಪಿನ ಬಸ್ಸಾರು.

ಒಳಗಿಂದ ದೊಡ್ಡತಾಯಮ್ಮನ ದನಿ ಬಂತು, "ಯಾರಮ್ಮಿ ಅದು?" ಕಣ್ಣು ಮಂಜಾಗಿದ್ದರೂ ದನಿ ಕಟಕಟೆಯದ್ದೇ. ನಾನು ಚಪ್ಪಲಿ ಬಿಟ್ಟು, ನಗುತ್ತ, ಹೊಸಿಲಿನ ಕಡೆ ಕಾಲೆತ್ತಿದೆ. ಬಾಗಿಲಿಗೆ ಸವಿತ ಬಂದಳು. ಈಗ ಅವಳು ಊರಿನ ಹಾಲಿನ ಡೇರಿಯಲ್ಲಿ ಕೆಲಸದಲ್ಲಿದ್ದಾಳೆ, ಮೈಕೈ ತುಂಬಿಕೊಂಡಿದ್ದಾಳೆ. ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಮೇಡಂ, ನೀವು ಅವ್ರ್ ಕಡೆಯೋರಲ್ವಾ?"

"ಹೌದಮ್ಮ" ಎಂದೆ. ಇಲ್ಲ ಎನ್ನುವ ಹಾಗಿರಲಿಲ್ಲ.

"ಅಲ್ಲೇ ಕೂತ್ಕಳಿ. ತಟ್ಟೆ ತತ್ತೀನಿ."

ಒಳಗೆ ಅಜ್ಜಿ ಕೆಮ್ಮು ಬರುವಷ್ಟು ನಗುವುದು ಕೇಳಿಸಿತು. ಬೀಳಿಸೋಣವೆಂದರೆ ನನ್ನ ಕೈಯಲ್ಲಿ ಫೈಲೂ ಇರಲಿಲ್ಲ, ಬಗ್ಗೋಣವೆಂದರೆ ಮೇಜೂ ಇರಲಿಲ್ಲ. ಬೀದಿಯವರೆಲ್ಲ ನೋಡುವ ಹಾಗೆ ನಿಂತು ನಕ್ಕೆ. ನಗುತ್ತಲೇ ಅಮ್ಮನ ನೆನಪಾಯಿತು, ಬೇರೆ ಜಾಗ ಸಿಗ್ಲಿಲ್ವಾ ಎಂದು ಕೇಳುತ್ತಿದ್ದದ್ದು.

ಮಾದೇಶ ತಟ್ಟೆ ಎತ್ತಿಕೊಂಡು ಪಕ್ಕಕ್ಕೆ ಸರಿದ. ತನ್ನ ಟವೆಲ್ಲಿನಿಂದ ಜಗಲಿಯ ಧೂಳು ಕೊಡವಿ, "ಕೂತ್ಕಳಿ ಅಕ್ಕ" ಎಂದ.

ಕೂತೆ.